ಮುಕುಂದಯ್ಯನಿಗೊಂದು ದೃಶ್ಯ

ಜಾವಗಲ್ಲು ದಾಟಿ ಬಸ್ಸು ಹಳೇಬೀಡಿನ ದಾರಿ ಹಿಡಿಯುವ ಹೊತ್ತಿಗೆ ಅಕ್ಷತಾ ಆ ಪ್ರೋಮೋವನ್ನು ಹನ್ನೊಂದನೆಯ ಸಲ ನೋಡುತ್ತಿದ್ದಳು. ಇದ್ದದ್ದೇ ಇಪ್ಪತ್ತು ಸೆಕೆಂಡು. ಒಂದು ಸಣ್ಣ ಗುಡಿ. ಕಲ್ಲಿನ ದೇವಿಯ ಎರಡೂ ಭುಜಗಳಿಗೆ ನೀರಿನಲ್ಲಿ ಅದ್ದಿ ಅಂಟಿಸಿದ ಹಳದಿ ಸೇವಂತಿಗೆ. ಎದುರಿಗೆ ಕೈಮುಗಿದು ಕೂತ ಮುಕುಂದಯ್ಯ. ಒಂದು ಹೂವು ಅಲುಗುತ್ತದೆ, ಜಾರುತ್ತದೆ. ಯಾವ ಕಡೆ ಬಿತ್ತು ಎನ್ನುವುದರೊಳಗೆ ಚಿತ್ರ ನಿಂತು ಕೆಳಗೆ ಅಕ್ಷರಗಳು ಕುಣಿಯುತ್ತವೆ: ‘ಅಭಿಮಾನಿಯೊಬ್ಬರು ಬರೆದ ದೃಶ್ಯ. ಭಾನುವಾರ ಮಧ್ಯಾಹ್ನ ಎರಡಕ್ಕೆ, ಮಹಾಸಂಚಿಕೆಯಲ್ಲಿ.’

ಆ ಅಭಿಮಾನಿ ಅವಳೇ. ಭಾನುವಾರ ಇವತ್ತೇ.

“ಅರಸೀಕೆರೆ ಬಿಟ್ಟಾಗಿಂದ ಫೋನು ನೋಡ್ತಾನೇ ಇದ್ದೀಯಲ್ಲೇ, ವಾಂತಿ ಬಂದಾತು,” ಮುಂದಿನ ಸೀಟಿನಿಂದ ಅಮ್ಮ ಕಾಂತಮ್ಮ ತಿರುಗಿ ಅಂದಳು. ಅವಳ ತೊಡೆಯ ಮೇಲೆ ಚಿಗಳಿ, ತಂಬಿಟ್ಟು ತುಂಬಿದ ಡಬ್ಬಿ. ಕಾಲ ಬಳಿಯ ಚೀಲದಲ್ಲಿ ಹಸಿರು ಸೀರೆ, ಹಸಿರು ಬಳೆ. ಬೇಲೂರಿನಲ್ಲಿ ದೊಡ್ಡ ಮಗಳು ಶ್ಯಾಮಲಾಳ ಸೀಮಂತ. ಮದುವೆಯಾಗಿ ಆರು ವರ್ಷ. ಮೊದಲಿನ ಎರಡು ಬಸಿರು ಮೂರು ತಿಂಗಳಿಗೊಂದು ನಾಲ್ಕು ತಿಂಗಳಿಗೊಂದು ಕೈಬಿಟ್ಟು ಹೋಗಿದ್ದವು. ಏಳನೆಯ ತಿಂಗಳು ಕಂಡದ್ದು ಇದೊಂದೇ.

“ಏನಿಲ್ಲಮ್ಮ,” ಅಂದಳು ಅಕ್ಷತಾ.

ಅಮ್ಮನ ಪಕ್ಕದಲ್ಲಿ ಅಪ್ಪ ದೇವೀರಪ್ಪ ಹೊರಗೆ ನೋಡುತ್ತ ಕೂತಿದ್ದರು. ಅವರು ತಿರುಗಲಿಲ್ಲ. ಗಂಡಸಿ ಊರಿನ ಹತ್ತಿರದ ತೋಟದ ತೆಂಗಿನಕಾಯಿಗಳನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು, ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ತಿಳಿಯುವ ಮನುಷ್ಯ. ಕೇಳಿಸಿಕೊಳ್ಳುವುದು ಅವರ ಕಸುಬು. ಮಾತು ಅಲ್ಲ.

‘ಬಾಡಿಗೆಗೆ ಮೂರು ಮನೆ’ ಎಂಬ ಆ ಹಾಸ್ಯ ಧಾರಾವಾಹಿಗೆ ಅಕ್ಷತಾ ಅಂಟಿಕೊಂಡಿದ್ದಕ್ಕೂ ಅಪ್ಪನ ಈ ಸ್ವಭಾವಕ್ಕೂ ಸಂಬಂಧವಿದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ವಠಾರ, ಮೂರು ಸಂಸಾರ, ಬಾಯಿ ಮುಚ್ಚದ ಜನ. ಅವರ ನಡುವೆ ಮಾತೇ ಆಡದ ಮಾಲೀಕ ಮುಕುಂದಯ್ಯ. ನಲ್ಲಿ ನೀರಿಗೆ ಕಿತ್ತಾಡಿದವರು ನ್ಯಾಯ ಹೇಳಿ ಎಂದು ಅವನ ಕಡೆ ತಿರುಗಿದರೆ, ಅವನು ಬಗ್ಗಿ ಯಾರದೋ ಕೊಡದ ಕೆಳಗಿನ ಕಲ್ಲನ್ನು ನೇರ ಮಾಡಿ ಹೊರಟುಹೋಗುತ್ತಿದ್ದ. ಅಷ್ಟಕ್ಕೇ ನಗು ಉಕ್ಕುತ್ತಿತ್ತು. ಎಂ.ಎ. ಮುಗಿಸಿ ಅರಸೀಕೆರೆಯ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳುತ್ತಿದ್ದ ಅಕ್ಷತಾ, ಧಾರಾವಾಹಿಯ ಅಭಿಮಾನಿಗಳ ಗುಂಪಿನಲ್ಲಿ ‘ಕಿಟಕಿ ಪಕ್ಕದ ಸೀಟು’ ಎಂಬ ಹೆಸರಿಟ್ಟುಕೊಂಡು ಇದನ್ನೆಲ್ಲ ಬರೆಯುತ್ತಿದ್ದಳು. ನಗಿಸುವವನು ಮಾತಾಡುವವನಲ್ಲ, ಕೇಳಿಸಿಕೊಳ್ಳುವವನು ಎಂದು ಬರೆದಳು. ಮಾತಾಡದ ಪಾತ್ರಕ್ಕೆ ಮಾತಾಡದಿರಲು ಕಾರಣ ಬೇಕು, ಆ ಕಾರಣ ಬರೆಯುವವನಿಗೆ ಗೊತ್ತಿರಬೇಕು, ನೋಡುವವನಿಗೆ ಗೊತ್ತಾಗಬಾರದು ಎಂದೂ ಬರೆದಳು. ಜನ ಮೆಚ್ಚಿಕೊಂಡರು.

ಆಮೇಲೆ ಹಳೆಯ ಮುಕುಂದಯ್ಯ ಮಂಡಿನೋವೆಂದು ಬಿಟ್ಟುಹೋದ. ಅವನ ಜಾಗಕ್ಕೆ ಕಾಮಿಡಿ ಸ್ಪರ್ಧೆಯೊಂದರಲ್ಲಿ ಗೆದ್ದವನನ್ನು ತಂದು ಕೂರಿಸಿದರು. ಹೊಸಬ ಸುಮ್ಮನಿದ್ದಾಗಲೂ ಅವನ ಹುಬ್ಬು, ಕೆನ್ನೆ, ಮೂಗು ಎಲ್ಲ ಮಾತಾಡುತ್ತಿದ್ದವು. ‘ಇವನು ಮೌನವನ್ನೂ ಜೋರಾಗಿ ಮಾಡುತ್ತಾನೆ’ ಎಂದು ಅಕ್ಷತಾ ಬರೆದದ್ದು ಗುಂಪಿನಲ್ಲೆಲ್ಲ ಓಡಾಡಿತು. ಧಾರಾವಾಹಿಯವರಿಗೂ ಮುಟ್ಟಿರಬೇಕು. ಅವರೇ ಒಂದು ದಿನ ಕೇಳಿದರು: ಹಾಗಾದರೆ ಮುಕುಂದಯ್ಯನಿಗೊಂದು ದೃಶ್ಯ ನೀವೇ ಬರೆಯಿರಿ.

ಹಟಕ್ಕೆ ಬಿದ್ದು ಅವಳು ಒಂದೇ ಸಲಕ್ಕೆ ಕೂತು ನಲವತ್ತು ಸಾಲು ಬರೆದಳು. ಮಾತಿಲ್ಲದ ಮನುಷ್ಯ ಹೇಗಿರುತ್ತಾನೆ ನೋಡಿ ಎಂಬಂತೆ. ಬರೆಯುವಾಗ ಕೈಗೆ ಬಂದದ್ದು ಕಲ್ಪನೆಯಲ್ಲ. ಕಂಡದ್ದು.

ಆರು ವರ್ಷದ ಹಿಂದಿನ ಮಾತು. ಗಂಡಸಿಯಿಂದ ಎರಡು ಮೈಲಿ ಒಳಗೆ ಅವರ ಮನೆತನದ ದೇವಿಯ ಗುಡಿ. ಗರ್ಭಗುಡಿಯ ಮುಂದೆ ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಹೀಗಾಗಿ ಸಂಬಂಧಕ್ಕೆ ಹೂವು ಕೇಳುವಾಗ ಒಳಗೆ ಪೂಜಾರಿ ಮತ್ತು ಹೆಣ್ಣಿನ ತಂದೆ ಮಾತ್ರ. ಗಂಡಿನ ಕಡೆಯವರು ಹೊರಗೆ ಹುಣಸೆಮರದ ಕೆಳಗೆ. ದೇವಿಯ ಬಲಭುಜದ ಹೂವು ಬಿದ್ದರೆ ಒಪ್ಪಿಗೆ, ಎಡಭುಜದ್ದು ಬಿದ್ದರೆ ಬೇಡ, ಆ ಹೂವನ್ನು ಯಾರೂ ಮುಟ್ಟುವ ಹಾಗಿಲ್ಲ. ಬಲಕ್ಕೆ ಬಿದ್ದ ಹೂವನ್ನು ಹೆಣ್ಣಿನ ತಂದೆ ತಂದು ಗಂಡಿನ ತಾಯಿಯ ಕೈಗೆ ಕೊಡಬೇಕು. ಕೊಟ್ಟ ಮೇಲೆ ಯಾರೂ ಮರುಮಾತು ಎತ್ತುವ ಹಾಗಿಲ್ಲ.

ಶ್ಯಾಮಲಾಗೆ ಅದಕ್ಕೆ ಮುಂಚೆ ಎರಡು ಸಂಬಂಧ ಎಡದ ಹೂವಿನಿಂದಲೇ ಮುರಿದಿದ್ದವು. ಎರಡನೆಯದು ಮುರಿದಾಗ ಅವಳು ಒಂದು ವಾರ ಯಾರ ಜೊತೆಗೂ ಮಾತಾಡಿರಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮೂರನೆಯವನು ಬೇಲೂರಿನ ಶರತ್. ಅವನು ಬಂದು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಏನೋ ಗುನುಗಿದ್ದನ್ನು ಮನೆಯವರೆಲ್ಲ ಕೇಳಿದ್ದರು. ಅಪ್ಪನೂ.

ಆ ದಿನ ಹದಿನೆಂಟರ ಅಕ್ಷತಾ ಗುಡಿಯನ್ನು ಬಳಸಿಕೊಂಡು ಹೋಗಿ ಪಕ್ಕದ ಜಾಲಂಧ್ರದ ಕಿಂಡಿಗೆ ಕಣ್ಣಿಟ್ಟಿದ್ದಳು. ದೇವಿಯ ಎಡಭುಜದ ಹೂವು ಜಾರಿ ಪೀಠದ ಮೇಲೆ ಬಿತ್ತು. ಬಲದ್ದು ಅಲುಗಲೇ ಇಲ್ಲ. ಕಣ್ಣಿಗೆ ಪೊರೆ ಬಂದಿದ್ದ ಪೂಜಾರಿ ಕತ್ತಲಲ್ಲಿ ತಡಕುತ್ತ, “ಯಾವ ಕಡೀದಪ್ಪ ಬಿದ್ದಿದ್ದು, ದೇವೀರಪ್ಪ?” ಎಂದು ಕೇಳಿದ. ಅಪ್ಪ ಬಾಗಿಲ ಕಡೆ ತಿರುಗಿದರು. ಹೊರಗೆ ಶ್ಯಾಮಲಾಳ ಬಳೆಯ ಸದ್ದು ಕೇಳುತ್ತಿತ್ತು. “ಬಲಕ್ಕೆ,” ಅಂದರು. ಬಿದ್ದ ಹೂವನ್ನು ಅವರು ಮುಟ್ಟಲಿಲ್ಲ. ಪಕ್ಕದ ತಟ್ಟೆಯಲ್ಲಿ ಮಿಕ್ಕಿದ್ದ ಹೂವುಗಳಲ್ಲಿ ಒಂದನ್ನು ತೆಗೆದುಕೊಂಡು, ಎಡಗೈಯನ್ನು ಟವೆಲಿಗೆ ಎರಡು ಸಲ ಒರೆಸಿಕೊಂಡು ಎದ್ದರು. ಹೊರಗೆ ಬಂದು ಶರತನ ತಾಯಿ ಜಾನಕಮ್ಮ ಚಾಚಿದ್ದ ಬೊಗಸೆಗೆ ಅದನ್ನು ಹಾಕಿದರು.

ಇಷ್ಟನ್ನೂ ಅವಳು ಬರೆದಿದ್ದಳು. ಪೊರೆ ಬಂದ ಪೂಜಾರಿ, ತಟ್ಟೆಯ ಹೂವು, ಎರಡು ಸಲ ಒರೆಸಿದ ಕೈ. ‘ಇಲ್ಲಿ ಮುಕುಂದಯ್ಯನಿಗೆ ಒಂದೇ ಪದ ಕೊಡಿ, ಹೆಚ್ಚು ಬೇಡ’ ಎಂದು ಅಂಚಿನಲ್ಲಿ ಸೇರಿಸಿದ್ದಳು. ಬಳಸಿಕೊಳ್ಳಬಹುದೇ ಎಂದು ಧಾರಾವಾಹಿಯವರು ಕೇಳಿದಾಗ ಒಂದು ನಿಮಿಷವೂ ಯೋಚಿಸದೆ ಹೂಂ ಅಂದಿದ್ದಳು. ಆ ಒಂದು ನಿಮಿಷ ಯೋಚಿಸಬೇಕಿತ್ತೆಂದು ಈಗ ಅನಿಸುತ್ತಿತ್ತು. ಯಾಕೆಂದರೆ ಜಾನಕಮ್ಮ ಆ ಧಾರಾವಾಹಿಯ ಒಂದು ಕಂತನ್ನೂ ಬಿಟ್ಟವರಲ್ಲ. ಬೋರ್‌ವೆಲ್ ಕೊರೆಸುವುದಕ್ಕೂ ಹೂವು ಕೇಳಿದವರು. ಶ್ಯಾಮಲಾಳ ಮೊದಲನೆಯದು ಹೋದಾಗಲೂ ಎರಡನೆಯದು ಹೋದಾಗಲೂ ಅವರು ನೆಂಟರ ಮುಂದೆ ಅಂದದ್ದು ಒಂದೇ ಮಾತು: “ಅಮ್ಮನೋರು ಬಲಕ್ಕೆ ಕೊಟ್ಟವ್ರೆ. ನನ್ನ ಸೊಸೆಗೆ ಏನೂ ಕೊರತೆ ಇಲ್ಲ.” ಆ ಮನೆಯಲ್ಲಿ ಶ್ಯಾಮಲಾ ನಿಂತಿದ್ದದ್ದು ಆ ಮಾತಿನ ಮೇಲೆ.

ಹಳೇಬೀಡಿನಲ್ಲಿ ಪ್ರವಾಸಿಗರು ಇಳಿದರು, ಹತ್ತಿದರು. ಅಕ್ಷತಾ ಫೋನನ್ನು ಚೀಲಕ್ಕೆ ಹಾಕಿದಳು. ಮತ್ತೆ ತೆಗೆದಳು.

*

ಜಾನಕಮ್ಮನ ಮನೆಯ ನಡುಮನೆಯಲ್ಲಿ ಹನ್ನೆರಡರ ಹೊತ್ತಿಗೆ ಶಾಸ್ತ್ರವೆಲ್ಲ ಮುಗಿದಿತ್ತು. ಹಸಿರು ಸೀರೆ, ಮೊಗ್ಗಿನ ಜಡೆ, ಮೊಣಕೈವರೆಗೆ ಬಳೆ. ಶ್ಯಾಮಲಾ ನಿಧಾನವಾಗಿ ನಗುತ್ತಿದ್ದಳು, ಜೋರಾಗಿ ನಕ್ಕರೆ ಏನಾದರೂ ಅಲುಗೀತು ಎಂಬ ಹಾಗೆ. ಮೂಲೆಯಲ್ಲಿ ಹಿತ್ತಾಳೆ ಬೇಸನ್ನಿನ ನೀರಿನಲ್ಲಿ ಸೇವಂತಿಗೆ ತೇಲುತ್ತಿದ್ದವು.

ಜಾನಕಮ್ಮನ ನಾದಿನಿ ಬೋರಮ್ಮ ಬಿಕ್ಕೋಡಿನಿಂದ ಬಂದಿದ್ದಳು. ಆರತಿ ಎತ್ತುವಾಗಲೇ ಶುರು ಮಾಡಿದಳು. “ಏಳು ತುಂಬ್ತು ಅಂತ ಹಿಗ್ಗಬ್ಯಾಡ್ರಿ. ಒಂಬತ್ತು ತುಂಬ್ಲಿ. ಎರಡು ಹೋದ್ವಲ್ಲ, ಸುಮ್ನೆ ಹೋಗ್ತಾವಾ? ಎಲ್ಲೋ ಏನೋ ಐತೆ.”

“ನಿನ್ನ ನಾಲಿಗೇಲೇ ಐತೆ, ಬೋರಮ್ಮ,” ಅಂದರು ಜಾನಕಮ್ಮ, ಹೂವು ಕಟ್ಟುತ್ತ, ತಲೆ ಎತ್ತದೆ. “ಅಮ್ಮನೋರು ಬಲಕ್ಕೆ ಕೊಟ್ಟವ್ರೆ. ಆರತಿ ತಟ್ಟೆ ನೆಟ್ಟಗೆ ಹಿಡಿ, ಎಣ್ಣೆ ಚೆಲ್ತದೆ.”

ಎಲ್ಲರೂ ನಕ್ಕರು. ದೇವೀರಪ್ಪ ಬಾಗಿಲ ಬಳಿ ಕೂತು ತಮ್ಮ ಅಂಗೈ ನೋಡಿಕೊಂಡರು. ಅದನ್ನು ಅಕ್ಷತಾ ಮಾತ್ರ ನೋಡಿದಳು.

ಅಡುಗೆಮನೆಯಲ್ಲಿ ಜಾನಕಮ್ಮ ಅವಳನ್ನು ಹಿಡಿದರು. ಧಾರಾವಾಹಿಯ ವಿಷಯಕ್ಕೆ ಇವರಿಬ್ಬರೂ ಜೊತೆ. ವಾರಕ್ಕೊಮ್ಮೆ ಫೋನಿನಲ್ಲಿ ಅರ್ಧ ಗಂಟೆ ಅದೇ ಮಾತು. ‘ಕಿಟಕಿ ಪಕ್ಕದ ಸೀಟು’ ಇವಳೇ ಎಂಬುದೊಂದು ಅವರಿಗೆ ಗೊತ್ತಿರಲಿಲ್ಲ.

“ಇವತ್ತೇನೋ ಗುಡಿ ಸೀನಂತೆ, ನೋಡ್ದ್ಯಾ? ಆ ಹೊಸಬ ಅದನ್ನೂ ಕೆಡಿಸ್ತಾನೆ ನೋಡು. ಬಾಯಿ ಐತೆ ಅವನಿಗೆ, ಕಣ್ಣಿಲ್ಲ. ಹಳಬ ಬಂದು ನಿಂತ್ರೆ ಸಾಕಾಗಿತ್ತು. ಮನೇಲಿ ನಮ್ಮ ಗಂಡಸ್ರು ಇರೋ ಹಂಗೇ ಇರ್ತಿದ್ದ.”

“ಅತ್ತೆ, ಊಟ ಆದ್ಮೇಲೆ ಎಲ್ರೂ ದೇವಸ್ಥಾನಕ್ಕೆ ಹೋಗೋಣ. ಅಕ್ಕನಿಗೂ ಒಳ್ಳೇದು.”

“ಎರಡು ಗಂಟೆ ಬಿಸಿಲಲ್ಲಾ? ಆ ಕಲ್ಲಿನ ಮೇಲೆ ಬರಿಗಾಲು ಇಡೋಕಾಗಲ್ಲ ಕಣೇ. ಬಸುರಿ ಹೆಂಗ್ಸು.” ಜಾನಕಮ್ಮ ಅವಳ ಮುಖ ನೋಡಿದರು. “ಯಾಕೆ ಬೆವರ್ತಿದ್ದೀಯ?”

“ಒಲೆ ಸೆಕೆ.”

ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು.

ಒಂದೂ ಮುಕ್ಕಾಲಿಗೆ ಎಲೆ ಎತ್ತಿದರು. ಗಂಡಸರು ಎಲೆಅಡಿಕೆ ತಟ್ಟೆಯ ಸುತ್ತ ಕೂತರು. ಅಕ್ಷತಾ ಟಿವಿಯ ಹಿಂದೆ ಕಸ ತೆಗೆಯುವವಳ ಹಾಗೆ ಬಗ್ಗಿ ಸೆಟ್‌ಟಾಪ್ ಬಾಕ್ಸಿನ ವೈರನ್ನು ಎಳೆದಳು. ಪರದೆ ನೀಲಿಯಾಯಿತು.

“ಶರತಾ, ನೋಡೋ ಇದೇನಾಯ್ತು,” ಜಾನಕಮ್ಮ ಕೂಗಿದರು.

“ಸೀಮಂತದ ದಿನವೂ ಬಿಡಲ್ವಲ್ಲಮ್ಮ ನೀನು,” ಎನ್ನುತ್ತ ಭಾವ ಎದ್ದು ಬಂದ. ಹಿಂದೆ ಕೈ ಹಾಕಿದ. “ವೈರ್ ಬಿಟ್ಕೊಂಡಿದೆ, ಅಷ್ಟೇ.” ಬಣ್ಣಗಳು ಮರಳಿ ಬಂದವು. ಅವನು ಅಕ್ಷತಾಳ ಕಡೆ ನೋಡಿ ನಕ್ಕ. “ನೀನು ಎಂ.ಎ. ಓದಿ ಇಷ್ಟೂ ಸಿಕ್ಸಕ್ಕೆ ಬರಲಿಲ್ವಾ?”

ಎರಡಾಯಿತು. ಜಾನಕಮ್ಮ ಜಮಖಾನೆಯ ನಡುವೆ ಕಾಲು ಚಾಚಿ ಕೂತರು. ಪಕ್ಕದಲ್ಲಿ ದಿಂಬಿಗೆ ಒರಗಿ ಶ್ಯಾಮಲಾ. ಗೋಡೆಗೆ ಬೋರಮ್ಮ, ಕಾಂತಮ್ಮ. ದೇವೀರಪ್ಪ ಬಾಗಿಲ ಬಳಿಯ ಕುರ್ಚಿಯಲ್ಲೇ ಇದ್ದರು. ಅವರು ಟಿವಿ ನೋಡುವವರಲ್ಲ. ಎದ್ದು ಹೋಗಲಿ ಎಂದು ಅಕ್ಷತಾ ಕಾದಳು. ಹೋಗಲಿಲ್ಲ.

ಮೊದಲ ಅರ್ಧ ಗಂಟೆ ಗ್ಯಾಸ್ ಸಿಲಿಂಡರಿನ ಗಲಾಟೆ. ಅಷ್ಟೂ ಹೊತ್ತು ಅವಳು ಒಂದೇ ಒಂದು ಸಲವೂ ನಗಲಿಲ್ಲ. ಜಾಹೀರಾತು ಬಂತು, ಹೋಯಿತು. ಗುಡಿ ಬಂತು.

ಅವಳು ಬರೆದಿದ್ದ ಗುಡಿಯೇ. ಜಾಲಂಧ್ರವನ್ನೂ ಬಿಟ್ಟಿರಲಿಲ್ಲ. ಪೂಜಾರಿಯ ಕಣ್ಣಿಗೆ ಬಿಳಿ ಪೊರೆ. ಹೂವು ಜಾರಿ ದೇವಿಯ ಎಡಕ್ಕೆ ಬಿತ್ತು. “ಯಾವ ಕಡೆ ಬಿತ್ತಪ್ಪ?” ಎಂದು ಪೂಜಾರಿ ಕೇಳಿದ. ಹೊಸ ಮುಕುಂದಯ್ಯ ಕ್ಯಾಮೆರಾದ ಕಡೆಗೆ ತಿರುಗಿ ಕಣ್ಣು ಹೊಡೆದ. ಹಿಂದಿನಿಂದ ನಗುವಿನ ಸದ್ದು ಸುರಿಯಿತು. “ಬಲಕ್ಕೆ ಸ್ವಾಮಿ! ಎಡಕ್ಕೆ ಬಿದ್ದಿದ್ರೂ ನಮ್ಮದು ಬಲಕ್ಕೇ!” ಮತ್ತೆ ನಗು. ತಟ್ಟೆಯಿಂದ ಹೂವು ಎತ್ತಿದ, ಎಡಗೈಯನ್ನು ಟವೆಲಿಗೆ ಎರಡು ಸಲ ಒರೆಸಿದ, ಒರೆಸಿದ್ದಕ್ಕೂ ಒಂದು ಡೋಲಿನ ಏಟು. ಹೊರಗೆ ಬಂದು ಬೀಗಿತ್ತಿಯ ಕೈಗೆ ಹೂವು ಹಾಕಿದ. ಆಕೆ ಕಣ್ಣಿಗೊತ್ತಿಕೊಂಡು ಬೆಪ್ಪಾಗಿ ನಕ್ಕಳು.

ಅಕ್ಷತಾಳಿಗೆ ಕ್ಷಣಹೊತ್ತು ಹಗುರವೆನಿಸಿತು. ಇಷ್ಟು ಕೆಟ್ಟದಾಗಿ ಮಾಡಿದ್ದಾರೆ, ಯಾರಿಗೆ ತಾನೇ ಗುರುತು ಸಿಗುತ್ತದೆ? ಆ ಕಣ್ಣು ಹೊಡೆಯುವವನಲ್ಲಿ ಅಪ್ಪನನ್ನು ಯಾರು ಕಾಣುತ್ತಾರೆ? ತಾನು ಬೈದ ನಟನೇ ತನ್ನನ್ನು ಕಾಪಾಡಿದ ಎಂದುಕೊಳ್ಳುತ್ತ ಬಾಗಿಲ ಕಡೆ ನೋಡಿದಳು.

ದೇವೀರಪ್ಪ ಪರದೆಯನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ ಆ ನೋಟದಲ್ಲಿ. ಕಾಯಿಯೊಂದನ್ನು ಕಿವಿಯ ಬಳಿ ಹಿಡಿದು, ಒಳಗಿನ ಸದ್ದು ಕೇಳಿ, ಓಹೋ ಎಂದುಕೊಂಡವರ ಮುಖ. ಅವರ ಎಡಗೈ ಹೆಗಲ ಟವೆಲಿನ ಮೇಲಿತ್ತು. ಅದನ್ನು ಮೆಲ್ಲಗೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

ಬೋರಮ್ಮ ಹೊಟ್ಟೆ ಹಿಡಿದು ನಗುತ್ತಿದ್ದಳು. “ಎಡಕ್ಕೆ ಬಿದ್ರೂ ಬಲಕ್ಕೇ ಅಂತೆ! ಎಂಥ ಚಾಲಾಕಿ!”

“ಏನು ಚಾಲಾಕಿ, ಬೆಪ್ಪು,” ಅಂದರು ಜಾನಕಮ್ಮ. ಅವರು ನಕ್ಕಿರಲಿಲ್ಲ. ರಿಮೋಟು ತೆಗೆದುಕೊಂಡು ಸದ್ದು ತಗ್ಗಿಸಿದರು. “ಅಕ್ಷತಾ, ನೀನ್ ಹೇಳು. ಬರೆದೋರಿಗೆ ಬುದ್ಧಿ ಐತಾ?”

“ಯಾಕತ್ತೆ?”

“ಆ ಮುಕುಂದಯ್ಯಂದು ಬಿಡು. ಅವನು ಕುಣಿದ, ಅದು ಅವನ ಹಣೆಬರಹ. ಆದ್ರೆ ಆ ಬೀಗಿತ್ತೀನ ನೋಡು. ಅಂಟಿಸೋ ಹೂವು ನೀರಲ್ಲಿ ಅದ್ದಿರ್ತದೆ. ತಟ್ಟೇಲಿ ಮಿಕ್ಕಿದ ಹೂವು ಒಣಗಿರ್ತದೆ. ಕೈಗೆ ಬಿದ್ದ ತಕ್ಷಣ ತಿಳಿಯಲ್ವಾ? ಹೂವು ಕಟ್ಟಿ ಕಟ್ಟಿ ಕೈ ಸವೆದ ಹೆಂಗಸು, ಹೂವು ಒದ್ದೆ ಐತೋ ಒಣಗೈತೋ ಗೊತ್ತಾಗದೆ ಕಣ್ಣಿಗೊತ್ಕೊಂಡು ಹಲ್ಲು ಕಿರೀತಾಳಾ?” ಅವರು ತಲೆ ಆಡಿಸಿದರು. “ಆಯಮ್ಮನ್ನ ಬರ್ದೇ ಇಲ್ಲ ಕಣೆ. ಸುಮ್ನೆ ಕೈ ಚಾಚೋಕೆ ಒಬ್ಬಳು ಬೇಕು ಅಂತ ನಿಲ್ಸವ್ರೆ.”

ಅಕ್ಷತಾಳಿಗೆ ತನ್ನ ನಲವತ್ತು ಸಾಲುಗಳು ಕಣ್ಣ ಮುಂದೆ ಬಂದವು. ಮೂವತ್ತೊಂಬತ್ತು ಅಪ್ಪನವು. ಕೊನೆಯದು: ‘ಹೊರಗೆ ಬಂದು ಹೂವನ್ನು ಒಬ್ಬ ಹೆಂಗಸಿನ ಕೈಗೆ ಹಾಕುತ್ತಾನೆ.’ ಒಬ್ಬ ಹೆಂಗಸು. ಅಷ್ಟೇ ಬರೆದಿದ್ದಳು. ಆ ಹೆಂಗಸಿನ ಬೊಗಸೆಯೊಳಗೆ ಏನಾಯಿತೆಂದು ಆರು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

ಬೋರಮ್ಮನ ನಗು ನಿಂತಿತ್ತು. ಅವಳ ಕಣ್ಣು ಶ್ಯಾಮಲಾಳ ಹೊಟ್ಟೆಯ ಮೇಲೆ ಹೋಗಿ, ಅಲ್ಲಿಂದ ಬಾಗಿಲ ಬಳಿಯ ಕುರ್ಚಿಗೆ ಹೋಗಿ, ಅತ್ತಿಗೆಯ ಕಡೆ ತಿರುಗಿತು.

“ಅಲ್ಲಾ ಅತ್ತಿಗೆ,” ಅಂದಳು ನಿಧಾನಕ್ಕೆ. “ನಮ್ಮ ಶರತಂಗೂ ಹಿಂಗೇ ಅಲ್ವಾ ಹೂವು ಕೇಳಿದ್ದು? ಇವರೇ ಅಲ್ವಾ ಒಳಗೆ ಹೋಗಿದ್ದು? ಬಲಕ್ಕೇ ಬಿತ್ತು ಅಂತ ನಾವ್ಯಾರು ಕಂಡೋ?”

ಟಿವಿಯಲ್ಲಿ ಸದ್ದಿಲ್ಲದೆ ಜನ ಕೈ ಆಡಿಸುತ್ತಿದ್ದರು. ಕಾಂತಮ್ಮನ ಮುಖ ಸುಟ್ಟುಹೋದ ಹಾಗಾಯಿತು. “ಏನ್ ಮಾತು ಅಂತ ಆಡ್ತೀರಮ್ಮ,” ಎಂದು ಎದ್ದೇಬಿಟ್ಟಳು. ಶ್ಯಾಮಲಾ ಅಪ್ಪನ ಕಡೆ ತಿರುಗಿದಳು. ಬಳೆಗಳು ಒಂದು ಸಲ ಸದ್ದು ಮಾಡಿ ಸುಮ್ಮನಾದವು. ದೇವೀರಪ್ಪ ಬಾಯಿ ತೆರೆದರು. ಅಕ್ಷತಾಳಿಗೆ ಗೊತ್ತಾಯಿತು, ಈಗ ಅವರು ನಿಜ ಹೇಳಿಬಿಡುತ್ತಾರೆ. ಎರಡನೆಯ ಸಲ ಸುಳ್ಳು ಹೇಳುವ ಶಕ್ತಿ ಆ ಮುಖದಲ್ಲಿರಲಿಲ್ಲ.

“ಬೀಗ್ರೇ, ನೀವು ಕೂತ್ಕಳಿ,” ಅಂದರು ಜಾನಕಮ್ಮ. ದೇವೀರಪ್ಪ ಎದ್ದೇ ಇರಲಿಲ್ಲ. “ಕಂಡಿದ್ದು ನಾನು, ಬೋರಮ್ಮ.”

“ನೀನೆಲ್ಲಿ ಒಳಗಿದ್ದೆ?”

“ಕಣ್ಣಲ್ಲೇ ಕಾಣಬೇಕಾ? ಈ ಕೈಗೆ ತಾನೇ ಹಾಕಿದ್ದು ಹೂವ.” ಅವರು ಎರಡೂ ಅಂಗೈ ಜೋಡಿಸಿ ಬೋರಮ್ಮನ ಮುಂದೆ ಚಾಚಿದರು. “ಇಲ್ಲಿ. ನೀರು ತೊಟ್ಟಿಕ್ತಿತ್ತು. ಸೆರಗೆಲ್ಲ ನೆನೆದು, ಶರತನ ಕರ್ಚೀಫು ಇಸ್ಕೊಂಡು ಒರೆಸ್ಕೊಂಡೆ. ಅಲ್ವೇನೋ ಶರತಾ?”

ಶರತ್ ಅಡಿಕೆ ಕತ್ತರಿಸುತ್ತಿದ್ದವನು ತಲೆ ಎತ್ತಿದ. ಅಮ್ಮನ ಮುಖ ನೋಡಿದ. “ಹೂಂ. ನೀನು ಒರೆಸ್ಕೊಂಡಿದ್ದೆ,” ಅಂದ.

ಬೋರಮ್ಮ ಆ ಖಾಲಿ ಅಂಗೈಗಳನ್ನು ನೋಡಿದಳು. ಇನ್ನೇನೋ ಕೇಳುವವಳಿದ್ದಳು. ಜಾನಕಮ್ಮ ಕೈ ಹಿಂದೆ ತೆಗೆಯಲಿಲ್ಲ.

“ಸರಿ ಬಿಡವ್ವ, ನಂಗೇನು,” ಎಂದು ಬೋರಮ್ಮ ಎಲೆಯ ತಟ್ಟೆ ಹತ್ತಿರ ಎಳೆದುಕೊಂಡಳು. “ಸೀರಿಯಲ್ಲು ನೋಡಿ ನೆನಪಾಯ್ತು, ಕೇಳ್ದೆ.”

“ಸೀರಿಯಲ್ಲು ಸೀರಿಯಲ್ಲೇ,” ಅಂದರು ಜಾನಕಮ್ಮ. ಸದ್ದು ಏರಿಸಿದರು. ಶ್ಯಾಮಲಾಳ ಬೆನ್ನ ಹಿಂದಿನ ದಿಂಬನ್ನು ಸರಿಮಾಡಿದರು.

ಅಕ್ಷತಾ ಎದ್ದು ಹಿತ್ತಲಿಗೆ ಹೋದಳು. ತೊಟ್ಟಿಯ ಕಲ್ಲಿನ ಮೇಲೆ ಕೂತಳು. ಅಪ್ಪ ಹೊರಗೆ ಬಂದ ಆ ಗಳಿಗೆಯನ್ನು ನೆನೆಸಿಕೊಂಡಳು. ಗುಡಿಯ ಮೂಲೆಯಿಂದ ಓಡಿ ಬಂದು ಅವಳೂ ಹುಣಸೆಮರದ ಕೆಳಗೆ ನಿಂತಿದ್ದಳು. ಯಾರೂ ಯಾರ ಕರ್ಚೀಫೂ ಇಸಿದುಕೊಂಡಿರಲಿಲ್ಲ. ಜಾನಕಮ್ಮ ಹೂವನ್ನು ಒಂದು ಸಲ ಬೆರಳಿನಿಂದ ತಿರುಗಿಸಿ ನೋಡಿದ್ದರು. ಶ್ಯಾಮಲಾಳ ಮುಖವನ್ನು ನೋಡಿದ್ದರು. ಆಮೇಲೆ ಮುಡಿದುಕೊಂಡಿದ್ದರು. ಇಷ್ಟನ್ನೂ ಅವಳು ಕಂಡಿದ್ದಳು. ಕಂಡೂ ದೃಶ್ಯದಲ್ಲಿ ಸೇರಿಸಿರಲಿಲ್ಲ. ಮಾತಿಲ್ಲದವರು ಗಂಡಸರಲ್ಲೇ ಇರುತ್ತಾರೆಂದು ಅವಳು ತಿಳಿದಿದ್ದಳೇನೋ. ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಬಾಯಿ ಮುಚ್ಚದೆ ಮಾತಾಡುವ ಹೆಂಗಸು ಆರು ವರ್ಷ ಒಂದು ಮಾತನ್ನು ಆಡದೆ ಉಳಿಸಿಕೊಂಡಿದ್ದರು. ಬಲಕ್ಕೆ ಕೊಟ್ಟವ್ರೆ, ಬಲಕ್ಕೆ ಕೊಟ್ಟವ್ರೆ ಎಂದು ಅದರ ಸುತ್ತ ಬೇಲಿ ಹಾಕುತ್ತ ಬಂದಿದ್ದರು.

*

ಐದಕ್ಕೆ ಹೊರಟರು. ಬಾಗಿಲಲ್ಲಿ ಜಾನಕಮ್ಮ ಕಾಂತಮ್ಮನಿಗೆ ಅರಿಸಿನ ಕುಂಕುಮ ಕೊಟ್ಟು, ಬೇಸನ್ನಿನಿಂದ ಒಂದು ಸೇವಂತಿಗೆ ಎತ್ತಿದರು. “ಒದ್ದೆ ಐತೆ, ಸೆರಗಿಗೆ ಸೋಕಾತು,” ಅಂದರು ಸಾಮಾನ್ಯ ದನಿಯಲ್ಲಿ. ಅವರ ಬೆರಳುಗಳಿಂದ ನೀರು ಹೊಸಿಲಿನ ಮೇಲೆ ತೊಟ್ಟಿಕ್ಕಿತು. ದೇವೀರಪ್ಪ ಚಪ್ಪಲಿ ಮೆಟ್ಟುತ್ತಿದ್ದವರು ಆ ಹನಿಗಳನ್ನೇ ನೋಡುತ್ತ ನಿಂತರು. ಆಮೇಲೆ ಬೀಗಿತ್ತಿಗೆ ಕೈಮುಗಿದರು. ಪ್ರತಿ ಸಲ ಮುಗಿಯುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

“ಹೋಗ್ಬನ್ನಿ ಬೀಗ್ರೇ. ಹೆರಿಗೆಗೆ ಕಳಿಸ್ತೀನಿ, ಕಾಯಿ ನೀರು ಚೆನ್ನಾಗಿ ಕುಡಿಸಿ.” ಅಕ್ಷತಾಳ ಕಡೆ ತಿರುಗಿದರು. “ನೀನು ಆ ಸೀರಿಯಲ್ಲಿನೋರಿಗೆ ಒಂದು ಮಾತು ಬರೆದು ಹಾಕು. ಓದಿದೋಳು. ಹಳಬನ್ನ ಕರ್ಕೊಂಡು ಬನ್ನಿ ಅನ್ನು.”

ಅಷ್ಟೇ ಅಂದರು. ಅವರ ಮುಖದಲ್ಲಿ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ, ಅಥವಾ ಇದ್ದದ್ದು ಅವಳಿಗೆ ಕಾಣಲಿಲ್ಲ.

ವಾಪಸು ಬಸ್ಸಿನಲ್ಲಿ ಕಾಂತಮ್ಮ ಮುಂದಿನ ಸೀಟು ಹಿಡಿದು ಕೂತಕೂಡಲೇ ತೂಕಡಿಸಿದಳು. ಅಪ್ಪ ಅಮ್ಮನ ಪಕ್ಕಕ್ಕೆ ಹೋಗದೆ ಹಿಂದೆ ಬಂದು ಅಕ್ಷತಾಳ ಪಕ್ಕ ಕೂತರು. ಅವಳ ಫೋನು ಚೀಲದೊಳಗೆ ಗುರ್ರೆನ್ನುತ್ತಲೇ ಇತ್ತು. ಗುಂಪಿನಲ್ಲಿ ಜನ ‘ಕಿಟಕಿ ಪಕ್ಕದ ಸೀಟ’ನ್ನು ಹೊಗಳುತ್ತಿರಬೇಕು, ಇಲ್ಲವೇ ಬೈಯುತ್ತಿರಬೇಕು. ಅವಳು ತೆಗೆಯಲಿಲ್ಲ.

ಹಳೇಬೀಡಿನ ಕೆರೆ ಏರಿ ದಾಟಿದ ಮೇಲೆ ದೇವೀರಪ್ಪ ಅವಳ ಕಡೆ ತಿರುಗಿದರು.

“ಆವತ್ತು ಕಿಂಡೀಲಿದ್ದೋಳು ನೀನಾ?”

“ಹೂಂ ಅಪ್ಪ.”

“ಬರ್ದೋಳೂ?”

ಅವಳು ತಲೆ ತಗ್ಗಿಸಿದಳು. ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿದಳು. ಜೋಡಿಸಿದ್ದೆಲ್ಲ ಧಾರಾವಾಹಿಯ ಮಾತಿನ ಹಾಗೆ ಕೇಳಿಸಿ ಬಿಟ್ಟಳು. ಅಪ್ಪನ ಎಡಗೈ ಅವರ ಮಂಡಿಯ ಮೇಲಿತ್ತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು. ಅವರು ಎಳೆದುಕೊಳ್ಳಲಿಲ್ಲ.

ಜಾವಗಲ್ಲಿನಲ್ಲಿ ಬಸ್ಸು ನಿಂತಿತು. ಕಡಲೆಕಾಯಿ ಮಾರುವವನು ಹತ್ತಿ ಇಳಿದು ಹೋದ. ಬಸ್ಸು ಮತ್ತೆ ಹೊರಟ ಮೇಲೆ ದೇವೀರಪ್ಪ ಅಂದರು:

“ಬರೀಬ್ಯಾಡ ಅನ್ನಲ್ಲ. ನಂದು ಬರ್ದೆ, ಆಯ್ತು.” ಸ್ವಲ್ಪ ದೂರ ಹೋದ ಮೇಲೆ ಮುಗಿಸಿದರು. “ಬೀಗಿತ್ತೀದು ಬರೀಬ್ಯಾಡ.”